ಫಿಲಡೆಲ್ಫಿಯಾದ ಮಳೆನೀರು ಶುಲ್ಕ: ದೊಡ್ಡ ಜಾಗದವರಿಗೆ ದಾರಿ ಇದೆ, ಸಣ್ಣ ಮನೆಯವರಿಗೆ ಇಲ್ಲ

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಅಂಗಡಿ, ಗೋದಾಮು ಅಥವಾ ದೊಡ್ಡ ಅಪಾರ್ಟ್‌ಮೆಂಟು ಇರುವವರ ನೀರಿನ ಬಿಲ್ಲಿನಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ. ತಿಂಗಳಿಡೀ ನಲ್ಲಿ ತಿರುಗಿಸದಿದ್ದರೂ ಅದು ಬರುತ್ತದೆ, ಹನಿ ಮಳೆ ಬೀಳದ ತಿಂಗಳಲ್ಲೂ ಬರುತ್ತದೆ. ಚಾವಣಿ, ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದು ಹರಿಯುವ ಮಳೆನೀರನ್ನು ನಗರ ನಿಭಾಯಿಸುವುದಕ್ಕೆ ಕಟ್ಟುವ ಶುಲ್ಕ ಅದು. ಸೇವೆಗೆ ದುಡ್ಡು ಕೇಳುತ್ತಾರೆಂದ ಮೇಲೆ ಬೇರೆ ಯಾವುದೇ ಸೇವೆಯಂತೆ ಇದನ್ನೂ ತೂಗಿ ನೋಡಬೇಕು. ಅಳತೆ ನ್ಯಾಯವಾಗಿದೆಯೇ? ಬಿಲ್ಲು ಇಳಿಸಿಕೊಳ್ಳಲು ದಾರಿ ಇದೆಯೇ? ಆ ದಾರಿಯಲ್ಲಿ ಮಾಲೀಕರು ಎಡವುವುದು ಎಲ್ಲಿ?

ಮೊದಲು ಅಳತೆ. ಈ ನಗರದ ಸುಮಾರು 60% ಭಾಗದಲ್ಲಿ ಮಳೆನೀರು, ಮಲಿನ ನೀರು ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದರೆ ಕೊಳವೆ ತುಂಬಿ, ಎರಡೂ ಬೆರೆತ ನೀರು ಡೆಲವೇರ್, ಸ್ಕೂಲ್‌ಕಿಲ್ ನದಿಗಳಿಗೆ ನುಗ್ಗುತ್ತದೆ. ಹಾಗಾಗಿ ಖರ್ಚು ಹುಟ್ಟುವುದು ಎಷ್ಟು ನೀರು ಕುಡಿದಿರಿ ಎಂಬುದರಿಂದ ಅಲ್ಲ, ನಿಮ್ಮ ಜಾಗದಲ್ಲಿ ಎಷ್ಟು ನೀರು ಇಂಗದೆ ಹೊರಗೆ ಹೋಯಿತು ಎಂಬುದರಿಂದ. ಆದರೂ 2010ರವರೆಗೆ ಈ ಶುಲ್ಕ ನೀರಿನ ಮೀಟರಿನ ಗಾತ್ರಕ್ಕೆ ಅಂಟಿಕೊಂಡಿತ್ತು. ಮೀಟರೇ ಇಲ್ಲದ ವಿಶಾಲ ಪಾರ್ಕಿಂಗ್ ಜಾಗ ಏನೂ ಕಟ್ಟುತ್ತಿರಲಿಲ್ಲ. ಸಣ್ಣ ಚಾವಣಿಯ ಎತ್ತರದ ಕಟ್ಟಡ ದೊಡ್ಡ ಮೀಟರ್ ಇದ್ದ ತಪ್ಪಿಗೆ ಅದರ ಪಾಲನ್ನೂ ಹೊರುತ್ತಿತ್ತು. 2010ರ ಜುಲೈಯಿಂದ, ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ, ಮನೆಯಲ್ಲದ ಆಸ್ತಿಗಳಿಗೆ ನೆಲದ ಲೆಕ್ಕ ಬಂತು. ಒಟ್ಟು ವೆಚ್ಚದಲ್ಲಿ 80% ಭಾಗವನ್ನು ನೀರು ಇಂಗದ ಜಾಗದ ಮೇಲೆ, 20% ಭಾಗವನ್ನು ಒಟ್ಟು ವಿಸ್ತೀರ್ಣದ ಮೇಲೆ ಹಂಚುತ್ತಾರೆ. ಪ್ರತಿ 500 ಚದರಡಿಗೆ ಒಂದು ಘಟಕ. 20,000 ಚದರಡಿ ನಿವೇಶನದಲ್ಲಿ 16,000 ಚದರಡಿ ಚಾವಣಿ ಮತ್ತು ಡಾಂಬರು ಇದ್ದರೆ ಒಟ್ಟು ವಿಸ್ತೀರ್ಣಕ್ಕೆ 40 ಘಟಕ, ಇಂಗದ ಜಾಗಕ್ಕೆ 32 ಘಟಕ. ಇದಕ್ಕಿಂತ ನೇರವಾದ ಲೆಕ್ಕ ಕಟ್ಟುವುದು ಕಷ್ಟ. ಅಳತೆಗೆ ಪೂರ್ತಿ ಅಂಕ ಕೊಡಬೇಕು.

ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ಮುಚ್ಚಿಟ್ಟಿಲ್ಲ ಎಂಬುದು ಇನ್ನೂ ದೊಡ್ಡ ಗುಣ. ಜಲ ಇಲಾಖೆಯ ಆನ್‌ಲೈನ್ ನಕ್ಷೆಯಲ್ಲಿ ವಿಳಾಸ ಹಾಕಿದರೆ ನಿವೇಶನದ ಗಡಿ, ಇಂಗದ ಜಾಗ ಎಂದು ಗುರುತಿಸಿದ ಭಾಗ, ಎರಡೂ ಕಾಣುತ್ತವೆ. ಬಿಲ್ಲು ಕಟ್ಟುವ ಮೊದಲು ಇದನ್ನು ನೋಡದಿರುವುದು ಮಾಲೀಕರ ಅತಿ ದುಬಾರಿ ಸೋಮಾರಿತನ. ಮೇಲಿನಿಂದ ತೆಗೆದ ಚಿತ್ರದಲ್ಲಿ ನೆರಳು ಬಿದ್ದ ಹುಲ್ಲು ಡಾಂಬರಿನಂತೆ ಕಾಣಬಹುದು, ಕೆಡವಿದ ಶೆಡ್ಡು ನಕ್ಷೆಯಲ್ಲಿ ಹಾಗೇ ಉಳಿದಿರಬಹುದು, ಪಕ್ಕದವರ ಡ್ರೈವ್‌ವೇ ನಿಮ್ಮ ಗಡಿಯೊಳಗೆ ಬಂದಿರಬಹುದು. ಅಳತೆಯ ಮೇಲೂ, ಆಸ್ತಿಯ ವರ್ಗದ ಮೇಲೂ ಮೇಲ್ಮನವಿಗೆ ಅವಕಾಶವಿದೆ. ಗಡಿ ತೋರಿಸುವ ಸರ್ವೆ ನಕ್ಷೆ, ದಿನಾಂಕವಿರುವ ಫೋಟೊ, ತಕರಾರಿರುವ ಭಾಗದ ಚದರಡಿ ಲೆಕ್ಕ, ಈ ಮೂರನ್ನು ಕೈಯಲ್ಲಿಟ್ಟುಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ. ‘ಬಿಲ್ಲು ಜಾಸ್ತಿಯಾಯಿತು’ ಎಂದಷ್ಟೇ ಬರೆದ ಅರ್ಜಿಯಿಂದ ಏನೂ ಆಗುವುದಿಲ್ಲ.

ಇನ್ನು ರಿಯಾಯಿತಿ. ಶುಲ್ಕವನ್ನು ಗರಿಷ್ಠ ಸುಮಾರು 80%ವರೆಗೆ ಇಳಿಸಿಕೊಳ್ಳಬಹುದು, ಪೂರ್ತಿ ಸೊನ್ನೆಯಾಗುವುದಿಲ್ಲ. ಅಗ್ಗದ ದಾರಿಗಳನ್ನೇ ಮೊದಲು ನೋಡಬೇಕು. ಚಾವಣಿಯ ಪೈಪನ್ನು ಚರಂಡಿಯಿಂದ ಬಿಡಿಸಿ ಹುಲ್ಲಿನ ಕಡೆಗೆ ತಿರುಗಿಸಿದರೆ ಆ ಚಾವಣಿಯ ಭಾಗ ಲೆಕ್ಕದಿಂದ ಕಳೆಯುತ್ತದೆ. ಅದಕ್ಕೆ ಷರತ್ತುಗಳಿವೆ: ಒಂದು ಪೈಪಿಗೆ 500 ಚದರಡಿಗಿಂತ ಹೆಚ್ಚಿನ ಚಾವಣಿ ಸೇರಬಾರದು, ನೆಲದ ಇಳಿಜಾರು 5% ಮೀರಬಾರದು, ನೀರು ಹುಲ್ಲಿನ ಮೇಲೆ 75 ಅಡಿ ಹರಿದರೆ ಪೂರ್ತಿ ಲಾಭ, 15 ಅಡಿ ಮಾತ್ರ ಇದ್ದರೆ ಐದರಲ್ಲಿ ಒಂದು ಪಾಲು. ಇಲ್ಲಿ ಕೆಡುವುದು ಹೀಗೆ: ಪೈಪಿನ ಬಾಯಿಯಲ್ಲಿ ನೀರನ್ನು ಹರಡುವ ಕಲ್ಲು ಹಾಕದೆ ಬಿಟ್ಟರೆ ಕೆಲವೇ ಜೋರು ಮಳೆಗಳಲ್ಲಿ ನೀರು ಕಾಲುವೆ ಕೊರೆದುಕೊಂಡು ಸೀದಾ ರಸ್ತೆಗೆ ಹೋಗುತ್ತದೆ. ಕಾಗದದ ಮೇಲೆ 75 ಅಡಿ ಇದ್ದರೂ ಮಣ್ಣಿಗೆ ಏನೂ ಇಂಗಿರುವುದಿಲ್ಲ.

ದೊಡ್ಡ ರಿಯಾಯಿತಿಗೆ ಚಾವಣಿ ಮತ್ತು ಅಂಗಳದ ಮೇಲೆ ಬೀಳುವ ಮೊದಲ 1.5 ಇಂಚು ಮಳೆಯನ್ನು ಹಿಡಿದು ನಿಭಾಯಿಸಬೇಕು. ಮೇಲೆ ಹೇಳಿದ 16,000 ಚದರಡಿಗೆ ಇದು 2,000 ಘನ ಅಡಿ, ಅಂದರೆ ಸುಮಾರು 56,600 ಲೀಟರ್. ಜಲ್ಲಿ ತುಂಬಿದ ಇಂಗುಗುಂಡಿ ಮಾಡುವುದಾದರೆ ಜಲ್ಲಿಯ ಸಂದುಗಳಲ್ಲಿ ನೀರು ನಿಲ್ಲಲು ಸಿಗುವುದು 40% ಜಾಗ ಮಾತ್ರ, ಆದ್ದರಿಂದ 5,000 ಘನ ಅಡಿ ಜಲ್ಲಿ ಬೇಕು. ಮೂರು ಅಡಿ ಆಳ ತೋಡಿದರೆ ಸುಮಾರು 1,670 ಚದರಡಿ ಹರವು. ಪಾರ್ಕಿಂಗ್ ಜಾಗದ ಕೆಳಗೆ ಇದು ಸಲೀಸಾಗಿ ಕೂರುತ್ತದೆ.

ಆದರೆ ಮಣ್ಣು ಒಪ್ಪಬೇಕು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 0.4 ಇಂಚು ಇಂಗುವ ಮಣ್ಣೇ ಆಗಬೇಕು, ವಿನ್ಯಾಸದಲ್ಲಿ ಅದರ ಅರ್ಧವನ್ನು ಮಾತ್ರ ನಂಬಬೇಕು, ಗುಂಡಿ 72 ಗಂಟೆಯೊಳಗೆ ಖಾಲಿಯಾಗಬೇಕು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ: ಮೂರು ಅಡಿ ಜಲ್ಲಿಯಲ್ಲಿ ನಿಲ್ಲುವ ನೀರು 14.4 ಇಂಚು, ಗಂಟೆಗೆ 0.2 ಇಂಚಿನಂತೆ ಅದು ಇಂಗಲು ಸರಿಯಾಗಿ 72 ಗಂಟೆ. ಅಂದರೆ ಕನಿಷ್ಠ ದರದ ಮಣ್ಣಿನಲ್ಲಿ ಮೂರು ಅಡಿಯೇ ಕೊನೆ. ಜಾಗ ಉಳಿಸಲು ನಾಲ್ಕು ಅಡಿ ತೋಡುತ್ತೇನೆ ಎಂದ ಗುತ್ತಿಗೆದಾರನ ನಕ್ಷೆ ಅಲ್ಲೇ ಬೀಳುತ್ತದೆ. ಹಾಗಾಗಿ ಮಣ್ಣಿನ ಪರೀಕ್ಷೆಗೆ ಮೊದಲು ದುಡ್ಡು ಹಾಕಿ, ನಕ್ಷೆಗೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಎರಡು ಸಲ ನಕ್ಷೆ ಮಾಡಿಸುವ ಖರ್ಚು ಕಟ್ಟಿಟ್ಟ ಬುತ್ತಿ. ಪಕ್ಕದ ಕಟ್ಟಡಗಳ ನೆಲಮಾಳಿಗೆಯಿಂದ ಗುಂಡಿ ದೂರ ಇರಬೇಕು ಎಂಬುದನ್ನೂ ಮರೆಯಬಾರದು. ಹತ್ತಡಿಯೊಳಗೆ ಇಂಗಿಸಿದ ನೀರು ಗೋಡೆಯಲ್ಲಿ ಜಿನುಗಿ ಬಂದರೆ ಉಳಿಸಿದ ಶುಲ್ಕಕ್ಕಿಂತ ರಿಪೇರಿಯೇ ಹೆಚ್ಚಾಗುತ್ತದೆ.

ಇಂಗದ ಮಣ್ಣಾದರೆ, ಒಂದೇ ಕೊಳವೆಯ ಪ್ರದೇಶದಲ್ಲಿ, ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವ ದಾರಿಯಿದೆ. ಒಂದು ಎಕರೆ ಇಂಗದ ಜಾಗಕ್ಕೆ ಸೆಕೆಂಡಿಗೆ 0.05 ಘನ ಅಡಿ ಎಂಬುದು ನಿಯಮಗಳಲ್ಲಿ ಕಾಣುವ ಮಿತಿ. ನಮ್ಮ ಉದಾಹರಣೆಯ ಜಾಗಕ್ಕೆ ಇದು ಸೆಕೆಂಡಿಗೆ ಸುಮಾರು ಅರ್ಧ ಲೀಟರ್. ಮೂರು ಅಡಿ ನೀರಿನ ಒತ್ತಡದಲ್ಲಿ ಅಷ್ಟೇ ಬಿಡಬೇಕಾದರೆ ತೂತಿನ ವ್ಯಾಸ 5/8 ಇಂಚಿನಷ್ಟು ಮಾತ್ರ. ಇಡೀ ವ್ಯವಸ್ಥೆ ಕೆಡುವುದು ಇಲ್ಲೇ. ಒಂದು ಒಣಗಿದ ಎಲೆ ಸಾಕು ಅದನ್ನು ಮುಚ್ಚಲು. ಮುಂದೆ ಜಾಲರಿ, ಅದರ ಮುಂದೆ ಕೆಸರು ತಂಗುವ ಗುಂಡಿ, ಮೇಲೆ ತೆಗೆಯಲು ಬರುವ ಮುಚ್ಚಳ, ಈ ಮೂರೂ ಇಲ್ಲದ ನಕ್ಷೆಗೆ ಸಹಿ ಹಾಕಬೇಡಿ. ಮುಚ್ಚಳದ ಮೇಲೆ ಡಾಂಬರು ಹಾಕಿ ಮುಚ್ಚಿಬಿಟ್ಟ ಮೇಲೆ ನಿರ್ವಹಣೆ ಎಂಬುದೇ ಇರುವುದಿಲ್ಲ.

ರಿಯಾಯಿತಿ ನಾಲ್ಕು ವರ್ಷಕ್ಕೊಮ್ಮೆ ಮುಗಿಯುತ್ತದೆ, ಮತ್ತೆ ಅರ್ಜಿ ಹಾಕಬೇಕು. ಇದು ಕಿರಿಕಿರಿ ಎನಿಸಿದರೂ ಸರಿಯಾದ ನಿಯಮ, ಏಕೆಂದರೆ ಹೂಳು ತುಂಬಿದ ಇಂಗುಗುಂಡಿ ಹೊರಗಿನಿಂದ ಒಳ್ಳೆಯ ಇಂಗುಗುಂಡಿಯಂತೆಯೇ ಕಾಣುತ್ತದೆ. ಪ್ರತಿ ದೊಡ್ಡ ಮಳೆಯ ನಂತರ, ಎಲೆ ಉದುರುವ ಕಾಲದಲ್ಲಿ ಇನ್ನೂ ಹೆಚ್ಚಾಗಿ, ಒಳಹರಿವಿನ ಬಾಯಿ ನೋಡಿ ದಿನಾಂಕ ಬರೆದಿಡಿ. ನೀರು ಇಂಗುವ ಕಲ್ಲುಹಾಸು ಇದ್ದರೆ ಅದರ ಸಂದಿನ ಮಣ್ಣನ್ನು ವ್ಯಾಕ್ಯೂಮ್ ಯಂತ್ರದಿಂದ ಎಳೆಸಬೇಕು, ಚಳಿಗಾಲದಲ್ಲಿ ಹಿಮಕ್ಕೆ ಕಾಲು ಜಾರದಿರಲೆಂದು ಅದರ ಮೇಲೆ ಮರಳು ಎರಚಲೇಬಾರದು.

ಕಟ್ಟುವ ಖರ್ಚಿಗೆ ಇಲಾಖೆಯದೇ ಅನುದಾನ ಕೂಡ ಇದೆ, ಇದು ಈ ಸೇವೆಯ ಉದಾರ ಮುಖ. ಆದರೆ ಅನುದಾನದ ಜೊತೆ ನಿರ್ವಹಣಾ ಒಪ್ಪಂದ ಬರುತ್ತದೆ. ಜಾಗ ಮಾರುವ ಯೋಚನೆ ಇದ್ದರೆ ವಕೀಲರಿಗೆ ತೋರಿಸಿಯೇ ಸಹಿ ಮಾಡಬೇಕು.

ಇಷ್ಟೆಲ್ಲ ಮೆಚ್ಚಿದ ಮೇಲೆ ಸಣ್ಣ ಮನೆಗಳ ವಿಷಯ ಬೇಸರ ತರಿಸುತ್ತದೆ. ನಾಲ್ಕು ಸಂಸಾರದವರೆಗಿನ ವಾಸದ ಮನೆಗಳಿಗೆಲ್ಲ ಒಂದೇ ಸಮನಾದ ಶುಲ್ಕ. ಸರಾಸರಿ ಮನೆಗೆ 2,110 ಚದರಡಿ ಒಟ್ಟು ಜಾಗ, 1,050 ಚದರಡಿ ಇಂಗದ ಜಾಗ ಎಂದು ಲೆಕ್ಕ ಹಿಡಿದು ಎಲ್ಲರಿಗೂ ಅದನ್ನೇ ಹಾಕುತ್ತಾರೆ. ಸಾಲುಮನೆಯ ಕಿರಿದಾದ ಚಾವಣಿಗೂ, ಮೂರು ಕಾರು ನಿಲ್ಲುವ ಅಂಗಳದ ಬಂಗಲೆಗೂ ಭೇದವಿಲ್ಲ. ಲಕ್ಷಾಂತರ ಮನೆಗಳನ್ನು ಒಂದೊಂದಾಗಿ ಅಳೆದು, ತಕರಾರು ಕೇಳುವ ಆಡಳಿತ ಖರ್ಚು ದೊಡ್ಡದು ಎಂಬುದು ನಿಜ. ಆದರೆ ಮನೆಯವರಿಗೆ ರಿಯಾಯಿತಿಯೂ ಇಲ್ಲ ಎಂಬುದಕ್ಕೆ ಆ ಸಮಜಾಯಿಷಿ ಸಾಲದು. ಆದಾಯ ಕಡಿಮೆ ಇರುವವರಿಗೆ 2017ರಿಂದ ಆದಾಯಕ್ಕೆ ತಕ್ಕ ಬಿಲ್ಲಿನ ಯೋಜನೆ ಇದೆ, ಅದು ಒಳ್ಳೆಯದೇ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ.

ಮನೆಯವರಿಗೆಂದೇ ಇಲಾಖೆ ನಡೆಸುವ ರೈನ್ ಚೆಕ್ ಯೋಜನೆಯಲ್ಲಿ ಮಳೆನೀರಿನ ಡ್ರಮ್ಮು ಸಿಗುತ್ತದೆ, ಪೈಪಿನ ಕೆಳಗಿಡುವ ಗಿಡದ ತೊಟ್ಟಿ, ಮಳೆತೋಟ (ಮಳೆನೀರು ಹರಿದು ಬಂದು ಇಂಗುವ ತಗ್ಗಿನ ಗಿಡದ ಪಾತಿ) ಇತ್ಯಾದಿಗಳಿಗೆ ಸಹಾಯಧನವಿದೆ. ಡ್ರಮ್ಮು 55 ಗ್ಯಾಲನ್ನಿನದು (ಸುಮಾರು 208 ಲೀಟರ್). 500 ಚದರಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 312 ಗ್ಯಾಲನ್ ನೀರು, ಅಂದರೆ ಡ್ರಮ್ಮು ಇಂಚಿನ ಐದನೇ ಒಂದು ಭಾಗಕ್ಕೂ ಮೊದಲೇ ತುಂಬುತ್ತದೆ. ಮುಂದಿನ ಮಳೆಗೆ ಮೊದಲು ಖಾಲಿ ಮಾಡದಿದ್ದರೆ ಅದು ಬರೀ ತುಂಬಿದ ಡ್ರಮ್ಮು, ನಗರದ ಕೊಳವೆಗೆ ಅದರಿಂದ ಒಂದು ಹನಿ ಭಾರವೂ ಇಳಿಯುವುದಿಲ್ಲ. ಅದನ್ನು ತಪ್ಪದೆ ಖಾಲಿ ಮಾಡುವ ಮನೆಯವರಿಗೆ ಬಿಲ್ಲಿನಲ್ಲಿ ಏನೂ ಸಿಗದಿದ್ದರೆ ಆ ಶ್ರದ್ಧೆ ಎಷ್ಟು ವರ್ಷ ಉಳಿದೀತು?

ಬೇರೆ ದಾರಿ ಇಲ್ಲವೆಂದಲ್ಲ. ವಾಷಿಂಗ್ಟನ್ ಡಿ.ಸಿ. ನಗರ ಮನೆಗಳನ್ನೂ ಇಂಗದ ಜಾಗಕ್ಕೆ ತಕ್ಕಂತೆ ಹಂತಗಳಾಗಿ ವಿಂಗಡಿಸುತ್ತದೆ, ನೀರು ಹಿಡಿದಿಡುವ ಮನೆಯವರಿಗೂ ತನ್ನ ಮಳೆನೀರು ಶುಲ್ಕದಲ್ಲಿ 55%ವರೆಗೆ ಕಡಿತ ಕೊಡುತ್ತದೆ. ಪೂರ್ತಿ ಕಡಿತಕ್ಕೆ ಪ್ರತಿ 1,000 ಚದರಡಿಗೆ ಸುಮಾರು 710 ಗ್ಯಾಲನ್ ಹಿಡಿದಿಡಬೇಕು. ಅದಕ್ಕಿಂತ ಕಡಿಮೆಯಾದರೆ ಹಿಡಿದಷ್ಟಕ್ಕೆ ತಕ್ಕ ಪಾಲು. ಇಂಥ ಹಂತಗಳನ್ನು ಫಿಲಡೆಲ್ಫಿಯಾ ತರುವವರೆಗೂ ಈ ಸೇವೆಯನ್ನು ಅಂಗಡಿ, ಗೋದಾಮು, ಕಾಂಡೊಮಿನಿಯಂ (ಫ್ಲಾಟು ಮಾಲೀಕರ) ಸಂಘಗಳಿಗೆ ಮಾತ್ರ ಧೈರ್ಯವಾಗಿ ಶಿಫಾರಸು ಮಾಡಬಹುದು. ಮನೆಯವರು ರೈನ್ ಚೆಕ್‌ನಲ್ಲಿ ಡ್ರಮ್ಮಿಗಿಂತ ಮಳೆತೋಟವನ್ನೇ ಆರಿಸಿಕೊಳ್ಳಲಿ, ಏಕೆಂದರೆ ಅದನ್ನು ಯಾರೂ ಖಾಲಿ ಮಾಡಬೇಕಾಗಿಲ್ಲ.