ಬಿಲ್ಲಿನಲ್ಲಿ ‘ಹೊಸ ಬೆಲ್ಟ್’ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ

ಇಂಗ್ಲೆಂಡಿನಲ್ಲಿ ಹಳೆಯ ಕೇಟರ್‌ಹ್ಯಾಮ್ ಸೆವೆನ್ (ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು) ಕೊಂಡಿರುವ, ಕೊಳ್ಳಬೇಕೆಂದಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ರೋವರ್ ಕೆ-ಸೀರೀಸ್ ಎಂಜಿನ್ ಇರುವವರು.

ನನ್ನದು 1.6 ಲೀಟರಿನದು. ಹಿಂದಿನ ಮಾಲೀಕರು ಬಿಡಿಭಾಗಗಳ ಕಿಟ್ ತರಿಸಿ ತಮ್ಮ ಮನೆಯ ಶೆಡ್ಡಿನಲ್ಲೇ ಜೋಡಿಸಿದ್ದ ಕಾರು. ಕೊಂಡ ವರ್ಷವೇ ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ದಂಡದ ಜೊತೆಗೇ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡಗಳನ್ನು ತಿರುಗಿಸುವ ಹಲ್ಲಿನ ಪಟ್ಟಿ) ಬದಲಿಸಲು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಸಂಜೆಯೊಳಗೆ ಕಾರು ಕೈಗೆ ಬಂತು. ಬಿಲ್ಲಿನಲ್ಲಿ ಹೊಸ ಬೆಲ್ಟ್, ಕೂಲಿ, ಅಷ್ಟೇ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬಗ್ಗೆ, ಎಂಜಿನ್ ತಂಪಾಗಿಡುವ ನೀರನ್ನು ಹರಿಸುವ ವಾಟರ್ ಪಂಪ್ ಬಗ್ಗೆ ಒಂದಕ್ಷರ ಇರಲಿಲ್ಲ. ನಾನೂ ಕೇಳಲಿಲ್ಲ.

ಸುಮಾರು 600 ಮೈಲಿ ಚೆನ್ನಾಗಿ ಓಡಿತು. ಆಮೇಲೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಮುಂಭಾಗದಿಂದ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವಂಥ ಗುಂಯ್‌ಗುಡುವ ಸದ್ದು ಶುರುವಾಯಿತು. ಬಿಸಿಯಾದ ಮೇಲೆ ಮಾಯ. ಎರಡು ವಾರ ಹಾಗೇ ಓಡಿಸಿದೆ. ಒಂದು ಭಾನುವಾರ ರೌಂಡ್‌ಅಬೌಟ್ ದಾಟಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಟಕಟಕ ಬಡಿದು ಎಂಜಿನ್ ನಿಂತುಹೋಯಿತು. ರಸ್ತೆಯ ಪಕ್ಕಕ್ಕೆ ತಳ್ಳಿ ಮತ್ತೆ ಕೀ ತಿರುಗಿಸಿದೆ. ಅದನ್ನು ಮಾಡಲೇಬಾರದಿತ್ತು. ಸ್ಟಾರ್ಟರ್ ಎಂದಿಗಿಂತ ಹಗುರಾಗಿ, ಸರಸರನೆ ತಿರುಗಿತು. ನಿಮಗೆ ಯಾವತ್ತಾದರೂ ಆ ಸದ್ದು ಕೇಳಿದರೆ ತಕ್ಷಣ ಕೈ ತೆಗೆಯಿರಿ. ವಾಲ್ವ್‌ಗಳು ಮುಚ್ಚುತ್ತಿಲ್ಲ, ಸಿಲಿಂಡರಿನೊಳಗೆ ಒತ್ತಡ (ಕಂಪ್ರೆಷನ್) ಉಳಿದಿಲ್ಲ ಎಂದೇ ತಿಳಿಯಿರಿ.

ಬೇರೊಬ್ಬ ಮೆಕ್ಯಾನಿಕ್ ಎಂಜಿನ್ನಿನ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಬಿಚ್ಚುವಾಗ ನಾನು ಅಲ್ಲೇ ನಿಂತಿದ್ದೆ. ಮಸಿ ಹಿಡಿದ ಪಿಸ್ಟನ್‌ಗಳ ಮೇಲೆ ಉಗುರು ಒತ್ತಿದಂತೆ ಹೊಳೆಯುವ ಅರ್ಧಚಂದ್ರಗಳು, ವಾಲ್ವ್‌ಗಳು ಬಡಿದ ಗುರುತು. 16 ವಾಲ್ವ್‌ಗಳಲ್ಲಿ 11 ಬಾಗಿದ್ದವು. ಬೆಲ್ಟ್ ತುಂಡಾಗಿರಲಿಲ್ಲ, ಹೊಸದಾಗಿಯೇ ಇತ್ತು. ಅದನ್ನು ಬಿಗಿಯಾಗಿ ಹಿಡಿದಿಡಬೇಕಾದ ಟೆನ್ಷನರ್ ಮಾತ್ರ ಹಳೆಯದು. ಬೇರಿಂಗ್ ಸವೆದು ಅದರ ರಾಟೆ ಓರೆಯಾಗಿ, ಬೆಲ್ಟ್ ಹಲ್ಲುಗಳ ಮೇಲೆ ಜಾರಿ ಟೈಮಿಂಗ್ ತಪ್ಪಿತ್ತು. ಆ ರಾಟೆಯನ್ನು ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ತುಂಬಿದಂತೆ ಗರಗರ ಎನ್ನುತ್ತಿತ್ತು. ರಿಪೇರಿಗೆ ಬೆಲ್ಟ್ ಕೆಲಸದ ಹತ್ತು ಪಟ್ಟಿಗಿಂತ ಹೆಚ್ಚು ಹಣ ಹೋಯಿತು. ಇಡೀ ಬೇಸಿಗೆಯೂ ಹೋಯಿತು.

ಊರಲ್ಲಿ ಅಪ್ಪನ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಟೈಮಿಂಗ್ ಚೈನ್ ಇತ್ತು. ಸಡಿಲವಾದರೆ ತಿಂಗಳುಗಟ್ಟಲೆ ಗಲಗಲ ಸದ್ದು ಮಾಡಿ ತಿಳಿಸುತ್ತಿತ್ತು. ರಬ್ಬರ್ ಬೆಲ್ಟ್‌ನಿಂದ ಅಷ್ಟು ಕಾಲಾವಕಾಶ ನಿರೀಕ್ಷಿಸಬೇಡಿ. ಈ ಎಂಜಿನ್ನಿನಲ್ಲಿ ವಾಟರ್ ಪಂಪ್ ಕೂಡ ಅದೇ ಬೆಲ್ಟಿನಿಂದ ತಿರುಗುತ್ತದೆ. ಪಂಪ್ ತಿರುಗದೆ ಬಿಗಿದುಕೊಂಡರೂ ಬೆಲ್ಟ್ ಕೆಟ್ಟು, ಕೊನೆಗೆ ಹೊಡೆತ ಬೀಳುವುದು ವಾಲ್ವ್‌ಗಳಿಗೇ. ಹಾಗಾಗಿ ಬೆಲ್ಟ್, ಟೆನ್ಷನರ್, ಪಂಪ್ ಮೂರನ್ನೂ ಒಟ್ಟಿಗೆ ಬದಲಿಸಿ. ಸೆವೆನ್ ಸಾಮಾನ್ಯವಾಗಿ ವರ್ಷಕ್ಕೆ ಹೆಚ್ಚು ಮೈಲಿ ಓಡುವುದಿಲ್ಲ, ಆದರೆ ನಿಂತಲ್ಲೇ ಬೆಲ್ಟಿಗೆ ವಯಸ್ಸಾಗುತ್ತದೆ. ಮೈಲಿ ಎಷ್ಟೇ ಇರಲಿ, ನಾನೀಗ ನಾಲ್ಕು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಇನ್ನೊಂದು ವಿಷಯ ಆ ಎರಡನೇ ಮೆಕ್ಯಾನಿಕ್ ತೋರಿಸಿಕೊಟ್ಟದ್ದು. ಬಹಳ ಎಂಜಿನ್‌ಗಳಲ್ಲಿ ಒಂದನೇ ಪಿಸ್ಟನ್ನನ್ನು ಮೇಲ್ತುದಿಗೆ ತಂದು ಟೈಮಿಂಗ್ ಕೂಡಿಸುತ್ತಾರೆ. ಕೆ-ಸೀರೀಸ್‌ನಲ್ಲಿ ರಾಟೆಗಳ ಮೇಲಿನ ಟೈಮಿಂಗ್ ಗುರುತುಗಳು ಕೂಡುವುದು ಅದಕ್ಕೆ ಕ್ರ್ಯಾಂಕ್ 90 ಡಿಗ್ರಿ ಮುಂಚೆ ಇರುವಾಗ. ಆಗ ನಾಲ್ಕೂ ಪಿಸ್ಟನ್‌ಗಳು ಸಿಲಿಂಡರಿನ ನಡುಮಟ್ಟದಲ್ಲಿರುತ್ತವೆ, ಕ್ಯಾಮ್ ಸ್ವಲ್ಪ ಸರಿದರೂ ವಾಲ್ವ್‌ಗೆ ಏನೂ ತಗುಲುವುದಿಲ್ಲ. ಕಾರು ಬಿಡುವ ಮೊದಲು ಮೆಕ್ಯಾನಿಕ್‌ಗೆ ಇದು ಗೊತ್ತೇ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಕಾರನ್ನು ಬೇರೆ ಕಡೆ ಒಯ್ಯಿರಿ.

ಬಿಡಿಭಾಗ ತರಿಸುವಾಗ ಕಾರಿನ ನೋಂದಣಿ ವರ್ಷ ನೋಡಬೇಡಿ, ಎಂಜಿನ್ ನಂಬರ್ ನೋಡಿ. ಕಿಟ್ ಕಾರಿಗೆ ಯಾವ ವರ್ಷದ ಎಂಜಿನ್ ಕೂತಿದೆಯೋ ಹೇಳಲಾಗದು. ಕೆ-ಸೀರೀಸ್ ಬೆಲ್ಟ್‌ಗಳಲ್ಲೇ 23 ಮಿಲಿಮೀಟರ್ ಅಗಲದ್ದೂ ಇದೆ, 26ರದ್ದೂ ಇದೆ. ಟೆನ್ಷನರ್‌ನಲ್ಲೂ ಕೈಯಿಂದ ಬಿಗಿ ಮಾಡುವುದು, ತಾನಾಗಿ ಬಿಗಿಯಾಗುವುದು ಎಂದು ಎರಡು ಬಗೆ.

ಬೆಲ್ಟ್ ಕೂರಿಸಿದ ಮೇಲೆ ಕೀ ಮುಟ್ಟುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ಕೈಯಿಂದ ತಿರುಗಿಸಬೇಕು. ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಗುರುತುಗಳು ಮತ್ತೆ ಕೂಡಿದವೇ ಎಂದು ಕಣ್ಣಾರೆ ನೋಡಬೇಕು. ಈ ಹೊತ್ತಿಗೆ ನೀವು ಅಲ್ಲಿರಿ. ಹಣ ಕೊಡುವ ಮುನ್ನ ಹಳೆಯ ಬೆಲ್ಟ್, ಟೆನ್ಷನರ್, ಪಂಪ್ ಮೂರನ್ನೂ ಕೇಳಿ ಪಡೆಯಿರಿ.