ಚರ್ನಿ ರೋಡ್ ಸ್ಟೇಶನ್: ಐದು ರೂಪಾಯಿಗೆ ಕಡಲು

ಮುಂಬೈಯ ಬೊರಿವಿಲಿಯಿಂದ ಚರ್ನಿ ರೋಡಿಗೆ 19 ವರ್ಷ ಲೋಕಲ್‌ನಲ್ಲಿ ಓಡಾಡಿದೆ. ಆಪೆರಾ ಹೌಸ್ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಕೆಲಸ ಬಿಟ್ಟಮೇಲೂ ತಿಂಗಳಿಗೆ ಒಂದೆರಡು ಸಲ ಅಲ್ಲಿಗೆ ಹೋಗುತ್ತೇನೆ. ಕೆಲಸವಿದೆ ಅಂತಲ್ಲ. ಆ ಸ್ಟೇಶನ್ನಿನಲ್ಲಿ ಇಳಿಯುವುದೇ ನನಗೆ ಇಷ್ಟ. ಊರಿಂದ ಮುಂಬೈಗೆ ಬರುವವರು "ಏನು ನೋಡೋದು?" ಅಂತ ಕೇಳುತ್ತಾರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮುಖ್ಯ ವಿಷಯ. ಚರ್ಚ್‌ಗೇಟ್‌ನಿಂದ ಹೊರಟರೆ ಎಡಗಡೆ ಕಿಟಕಿ ಹಿಡಿಯಿರಿ. ಬೊರಿವಿಲಿ, ಅಂಧೇರಿ ಕಡೆಯಿಂದ ಬರುವವರಾದರೆ ಬಲಗಡೆ. ಚರ್ನಿ ರೋಡ್ ಮತ್ತು ಮರೀನ್ ಲೈನ್ಸ್ ನಡುವೆ ಜಿಮ್ಖಾನಾಗಳ, ಅಂದರೆ ಆಟದ ಕ್ಲಬ್ಬುಗಳ, ಬಯಲು ಬರುತ್ತದೆ. ಅದರಾಚೆ ಮರೀನ್ ಡ್ರೈವ್ ರಸ್ತೆ, ರಸ್ತೆಯಾಚೆ ಸಮುದ್ರ. ಎರಡೇ ನಿಮಿಷದ ದಾರಿ. ಎಷ್ಟೇ ಗರ್ದಿ ಇದ್ದರೂ ಆ ಜಾಗ ಬಂದಾಗ ಡಬ್ಬದಲ್ಲಿ ನಾಲ್ಕು ತಲೆಯಾದರೂ ಆ ಕಡೆ ತಿರುಗುತ್ತವೆ. ನಮ್ಮ ಲೇಡೀಸ್ ಡಬ್ಬದಲ್ಲಿ ಒಬ್ಬರು ಗುಜರಾತಿ ಬೆನ್ ಇದ್ದರು. ದಿನಾ ಅಲ್ಲಿಗೆ ಬಂದಾಗ ಮಣಿ ಎಣಿಸುವುದನ್ನು ನಿಲ್ಲಿಸಿ ಕಡಲಿಗೆ ಕೈ ಮುಗಿಯುತ್ತಿದ್ದರು. ನೋಡಿ ನೋಡಿ ನಾನೂ ಶುರು ಮಾಡಿದೆ.

ಈ ರೈಲು ಹಾದಿ ಹಾಕಿದಾಗ ರಸ್ತೆಯೂ ಇರಲಿಲ್ಲ, ಬಯಲೂ ಇರಲಿಲ್ಲ. ಬ್ಯಾಕ್ ಬೇ ಅನ್ನುವ ಕೊಲ್ಲಿಯ ದಡದಲ್ಲೇ ಹಳಿ ಹೋಗುತ್ತಿತ್ತು. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪನಿ ಹಾಕಿದ ಹಳಿ ಅದು. 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್ ಬೇವರೆಗೆ ಮೊದಲ ಲೋಕಲ್ ಓಡಿತು. ದಿನಕ್ಕೆ ಹೋಗಲು ಒಂದು ಗಾಡಿ, ಬರಲು ಒಂದು ಗಾಡಿ. ಅಷ್ಟೇ! ಈಗ ಸಂಜೆ ಹೊತ್ತಿನಲ್ಲಿ ಒಂದು ಗಾಡಿ ತಪ್ಪಿದರೆ ಮುಂದಿನದು ಬರುವುದರೊಳಗೆ ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿಯಲೂ ಸಮಯ ಸಾಲದು. ಆಮೇಲೆ ಹಳಿ ಕೊಲಾಬಾವರೆಗೂ ಹೋಯಿತು. 1928ರ ಜನವರಿ 5ರಂದು ಕೊಲಾಬಾ ಮತ್ತು ಬೊರಿವಿಲಿ ನಡುವೆ ಕರೆಂಟಿನ ಗಾಡಿ ಬಂತು. 1930ರ ಕೊನೆಗೆ ಕೊಲಾಬಾ ಸ್ಟೇಶನ್ ಮುಚ್ಚಿ, ಚರ್ಚ್‌ಗೇಟೇ ಕೊನೆಯ ನಿಲ್ದಾಣವಾಯಿತು. ಸಮುದ್ರ ತುಂಬಿಸಿ ಮರೀನ್ ಡ್ರೈವ್ ಮಾಡಿದಮೇಲೆ ಕಡಲು ಹಳಿಯಿಂದ ಸ್ವಲ್ಪ ಆಚೆ ಸರಿಯಿತು. ಪೂರ್ತಿ ದೂರ ಹೋಗಲಿಲ್ಲ, ಪುಣ್ಯ.

ಚರ್ನಿ ಅನ್ನುವ ಹೆಸರಿನ ಕಥೆ ನನಗೆ ತುಂಬಾ ಇಷ್ಟ. ದನ ಮೇಯುವುದಕ್ಕೆ ಮರಾಠಿಯಲ್ಲಿ ಚರಣೆ ಅಂತಾರೆ. 1838ರಲ್ಲಿ ಬ್ರಿಟಿಷರು ಮೈದಾನದಲ್ಲಿ ದನ ಮೇಯಿಸಲು ತೆರಿಗೆ ಹಾಕಿದರಂತೆ. ಬಡವರಿಗೆ ಕಟ್ಟಲಾಗಲಿಲ್ಲ. ಆಗ ಜಮ್‌ಶೇಟ್‌ಜಿ ಜೀಜೀಭಾಯ್ ಅನ್ನುವ ಪಾರ್ಸಿ ವ್ಯಾಪಾರಿ ತಮ್ಮ ಕೈಯಿಂದ 20,000 ರೂಪಾಯಿ ಕೊಟ್ಟು ಠಾಕುರ್‌ದ್ವಾರ್ ಹತ್ತಿರ, ಕಡಲ ಕಡೆ, ಹುಲ್ಲುಗಾವಲು ಕೊಂಡು ದನಗಳಿಗೆ ಬಿಟ್ಟರು ಅಂತ ಹೇಳುತ್ತಾರೆ. ಅದರಿಂದಲೇ ಚರ್ನಿ. ಇಲ್ಲಿಂದ ಪೂರ್ವಕ್ಕೆ ಸಿ.ಪಿ. ಟ್ಯಾಂಕ್ ಕಡೆ ನಡೆದರೆ ಅವರ ಕಾಲದ್ದೇ ಪಾಂಜರಪೋಳ್, ಅಂದರೆ ದನಗಳ ಆಶ್ರಯ, ಇದೆ. ಅಷ್ಟು ಇಕ್ಕಟ್ಟಿನ ಬೀದಿಗಳ ಮಧ್ಯೆ ಇವತ್ತಿಗೂ ಹಸುಗಳಿವೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಈ ಸ್ಟೇಶನ್ನಿಗೆ ಗಿರ್ಗಾಂವ್ ಅಂತ ಹೆಸರಿಡಲು ತೀರ್ಮಾನಿಸಿತು. ಗಿರ್ಗಾಂವ್ ಒಳ್ಳೆಯ ಹೆಸರೇ, ಆ ಊರಿನ ಸ್ಟೇಶನ್ನೇ ಇದು. ಆದರೆ ಒಬ್ಬರು ದನಗಳಿಗೆ ಹುಲ್ಲು ಕೊಟ್ಟ ನೆನಪು ಬೋರ್ಡಿನಿಂದ ಹೋಗುತ್ತದಲ್ಲ ಅಂತ ನನಗೆ ಬೇಸರ.

ನಮ್ಮ ಮಾವನವರು ಈ ಸ್ಟೇಶನ್ನಿಗೆ ಬಂದದ್ದು 1961ರಲ್ಲಿ, ಕುಂದಾಪುರದಿಂದ. ವಯಸ್ಸು 13. ಆಗ ಕೊಂಕಣ ರೈಲು ಎಲ್ಲಿತ್ತು? ಬಸ್ಸಿನಲ್ಲಿ ಬಂದರು. ಗಿರ್ಗಾಂವಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಸಂಜೆ ಇಲ್ಲಿಂದ ಗಾಡಿ ಹತ್ತಿ ಚರ್ಚ್‌ಗೇಟ್‌ನಲ್ಲಿ ಇಳಿದು, ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಹೋಟೆಲ್ ಹುಡುಗರಿಗಾಗಿ ನಮ್ಮ ಕರಾವಳಿಯ ಹಿರಿಯರು ಕಟ್ಟಿದ ಶಾಲೆಗಳು ಅವು. ಹಗಲೆಲ್ಲ ದುಡಿದು ರಾತ್ರಿ ಓದಿದವರು ಎಷ್ಟು ಜನ! ಮಾವ ಮೆಟ್ರಿಕ್ ಮುಗಿಸಿದ್ದು ಅಲ್ಲೇ. ನನಗೆ ಕೆಲಸ ಸಿಕ್ಕಿದ ದಿನ ಅವರು ಹೇಳಿದ್ದು ಒಂದೇ ಮಾತು: "ಚರ್ನಿ ರೋಡಾ? ಒಳ್ಳೇದಾಯ್ತಮ್ಮ. ಮನೆ ನೆನಪಾದ್ರೆ ಬ್ರಿಜ್ ಮೇಲೆ ಹೋಗಿ ನಿಂತ್ಕೋ. ನಮ್ ಕುಂದಾಪುರದ ಕೋಡಿ ಕಡಲೂ ಇದೂ ಒಂದೇ ನೀರು." ಮೊದಲ ವಾರ ನಾನು ಹಾಗೇ ನಿಂತಿದ್ದೆ. ಕಣ್ಣು ತುಂಬಿತ್ತು.

ಇನ್ನು ಸೌಕರ್ಯದ ವಿಚಾರ. ಚರ್ಚ್‌ಗೇಟ್‌ನಿಂದ ಚರ್ನಿ ರೋಡಿಗೆ ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿ. ಕೌಂಟರ್‌ನಲ್ಲಿ ತೆಗೆಯಬಹುದು, ಮಿಶೀನ್‌ನಲ್ಲಿ ತೆಗೆಯಬಹುದು, ಮೊಬೈಲ್ ಆ್ಯಪ್‌ನಲ್ಲೂ ಆಗುತ್ತದೆ. ಆ್ಯಪ್ ಬಳಸುವವರು ಮನೆಯಿಂದ ಹೊರಡುವಾಗಲೇ ಟಿಕೆಟ್ ತೆಗೆದುಬಿಡಿ. ಹಳಿಯ ಹತ್ತಿರ ಬಂದಮೇಲೆ ಅದು ಒಪ್ಪುವುದಿಲ್ಲ. ನಮ್ಮ ಕಾಲದಲ್ಲಿ ಕೂಪನ್ ಪುಸ್ತಕ ಇತ್ತು. ಮಿಶೀನಿಗೆ ತೂರಿಸಿದರೆ ಟಕ್ ಅಂತ ಮುದ್ರೆ ಬೀಳುತ್ತಿತ್ತು. ನನ್ನ ಮಗನಿಗೆ ಆ ಶಬ್ದ ಅಂದರೆ ಪ್ರಾಣ. ಈಗ ಅದಿಲ್ಲ.

ಸ್ಲೋ ಗಾಡಿಗಳು ಇಲ್ಲಿ ನಿಲ್ಲುತ್ತವೆ. ಫಾಸ್ಟ್ ಗಾಡಿ ಹತ್ತುವ ಮೊದಲು ಇಂಡಿಕೇಟರ್ ನೋಡಿಕೊಳ್ಳಿ, ಇಲ್ಲವಾದರೆ ನೇರ ಚರ್ಚ್‌ಗೇಟಿಗೆ ಹೋಗಿ ವಾಪಸ್ ಬರಬೇಕಾದೀತು. ಗಾಡಿಯೊಳಗೆ ಮುಂದಿನ ಸ್ಟೇಶನ್ ಯಾವುದು ಅಂತ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ನಾನು ಮರಾಠಿ ಕಲಿತದ್ದೇ "ಪುಢೀಲ್ ಸ್ಟೇಶನ್" ಕೇಳುತ್ತಾ ಕೇಳುತ್ತಾ. ಹೆಣ್ಣುಮಕ್ಕಳಿಗೆ ಬೇರೆ ಡಬ್ಬ ಇದೆ. ಪೂರ್ತಿ ಲೇಡೀಸ್ ಸ್ಪೆಷಲ್ ಗಾಡಿ ಚರ್ಚ್‌ಗೇಟ್ ಮತ್ತು ಬೊರಿವಿಲಿ ನಡುವೆ 1992ರ ಮೇ 5ರಂದು ಶುರುವಾಯಿತು. ಅದರಲ್ಲಿ ಕೂತು ಅವರೆಕಾಯಿ ಸುಲಿದಿದ್ದೇನೆ, ನಿದ್ದೆ ಮಾಡಿದ್ದೇನೆ, ಒಬ್ಬರ ಮಗಳ ಸೀಮಂತಕ್ಕೆ ಬಳೆಯನ್ನೂ ತೊಡಿಸಿದ್ದೇವೆ. ಎಸಿ ಲೋಕಲ್ 2017ರ ಡಿಸೆಂಬರ್ 25ರಿಂದ ಓಡುತ್ತಿದೆ. ಬೇಸಿಗೆಯಲ್ಲಿ ಸುಖ, ಬಾಗಿಲು ತಾನಾಗಿ ಮುಚ್ಚುವುದರಿಂದ ಜೀವಕ್ಕೂ ಭದ್ರ. ಆದರೆ ಮರೀನ್ ಲೈನ್ಸ್ ದಾಟುವಾಗ ಉಪ್ಪು ಗಾಳಿ ಮುಖಕ್ಕೆ ಬಡಿಯುವುದಿಲ್ಲ. ಅದಕ್ಕೇ ಚರ್ನಿ ರೋಡಿಗೆ ಹೋಗುವಾಗ ನಾನು ಈಗಲೂ ಸಾದಾ ಗಾಡಿಯನ್ನೇ ಹತ್ತುತ್ತೇನೆ.

ಮಳೆಗಾಲದಲ್ಲಿ ಮೆಟ್ಟಿಲು ಜೋಪಾನ. ಇದೇ ಲೈನಿನ ಬೇರೊಂದು ಸ್ಟೇಶನ್ನಿನಲ್ಲಿ ಅಂಚು ಸವೆದ ಮೆಟ್ಟಿಲ ಮೇಲೆ ಜಾರಿ ಬಿದ್ದು ಮೂರು ವಾರ ಮಲಗಿದ್ದೆ. ಅಂದಿನಿಂದ ಎಲ್ಲೇ ಆಗಲಿ ಕಂಬಿ ಹಿಡಿದೇ ಇಳಿಯುತ್ತೇನೆ.

ಮಳೆ ಅಂದಕೂಡಲೇ 2005ರ ಜುಲೈ 26 ನೆನಪಾಗುತ್ತದೆ. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ನಮ್ಮ ಕಡೆ, ಅಂದರೆ ದಕ್ಷಿಣದ ತುದಿಯಲ್ಲಿ, ಕೊಲಾಬಾದಲ್ಲಿ ಬಿದ್ದದ್ದು ಬರೀ 73. ಆಫೀಸಿನಲ್ಲಿ ನಮಗೆ ಏನೂ ಗೊತ್ತಾಗಲಿಲ್ಲ. ಎಂದಿನ ಹಾಗೆ ಸ್ಟೇಶನ್ನಿಗೆ ಬಂದರೆ ಗಾಡಿಯೇ ಇಲ್ಲ. ಪ್ಲಾಟ್‌ಫಾರ್ಮ್ ತುಂಬಾ ಜನ. ಬೊರಿವಿಲಿ ಮುಳುಗಿದೆ, ಕುರ್ಲಾ ಮುಳುಗಿದೆ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮನೆಗೆ ಫೋನ್ ಸಿಗಲಿಲ್ಲ, ಮಗನಿಗೆ ಆಗ 6 ವರ್ಷ. ಮಾವನವರ ಜೊತೆ ಕೆಲಸ ಮಾಡಿದ್ದ ಹಳೆಯ ಅಡಿಗೆಯವರೊಬ್ಬರು ಗಿರ್ಗಾಂವಿನ ಚಾಳಿನಲ್ಲಿ, ಅಂದರೆ ಒಂದೊಂದೇ ಕೋಣೆಯ ಮನೆಗಳ ಸಾಲು ಕಟ್ಟಡದಲ್ಲಿ, ಇದ್ದರು. ಅವರ ಮನೆಗೆ ನಡೆದೆ. ಅವರ ಹೆಂಡತಿ ಏನೂ ಕೇಳದೆ ಟವೆಲ್ ಕೊಟ್ಟು, ಬಿಸಿ ಗಂಜಿ, ಉಪ್ಪಿನಕಾಯಿ ಬಡಿಸಿದರು. ಆ ರಾತ್ರಿ ಅದೇ ಕೋಣೆಯಲ್ಲಿ ನಾನು ಸೇರಿ ಒಂಬತ್ತು ಜನ ಮಲಗಿದೆವು.

ಇಳಿದಮೇಲೆ ಎಲ್ಲಿ ಹೋಗಬೇಕು? ಪಶ್ಚಿಮಕ್ಕೆ ಹೋದರೆ ಮರೀನ್ ಡ್ರೈವ್, ಅಲ್ಲಿಂದ ಬಲಕ್ಕೆ ಸ್ವಲ್ಪ ನಡೆದರೆ ಗಿರ್ಗಾಂವ್ ಚೌಪಾಟಿ. ತಿಲಕರ ಅಂತ್ಯಕ್ರಿಯೆ 1920ರಲ್ಲಿ ಈ ಮರಳಿನ ಮೇಲೇ ಆಯಿತು, ಅವರ ಪ್ರತಿಮೆ ಇದೆ. ತಾರಾಪೊರ್‌ವಾಲಾ ಮತ್ಸ್ಯಾಲಯ ನೋಡಲು ಬಂದವರಿಗೆ ನಿರಾಸೆಯಾಗುತ್ತದೆ, 1951ರಲ್ಲಿ ತೆರೆದ ಆ ಹಳೆಯ ಕಟ್ಟಡ ಮುಚ್ಚಿದೆ. ಪೂರ್ವಕ್ಕೆ ಹೋದರೆ ಅಸಲಿ ಗಿರ್ಗಾಂವ್. ಮಿಸಳ್, ಥಾಲಿಪೀಠ್ ತಿನ್ನಿ, ಮೇಲೆ ಒಂದು ಲೋಟ ಪಿಯೂಷ್ ಕುಡಿಯಿರಿ. ಖೋತಾಚಿವಾಡಿಯ ಮರದ ಮನೆಗಳ ಗಲ್ಲಿಯಲ್ಲಿ ಸುಮ್ನೆ ನಡೆಯಿರಿ, ಆದರೆ ಅಲ್ಲಿ ಜನ ವಾಸವಿದ್ದಾರೆ, ಕಿಟಕಿಯೊಳಗೆ ಫೋನ್ ಹಿಡಿಯಬೇಡಿ. 1893ರಲ್ಲಿ ಸಾರ್ವಜನಿಕ ಗಣೇಶೋತ್ಸವ ಶುರುವಾದ ಕೇಶವ್‌ಜಿ ನಾಯ್ಕ್ ಚಾಳ್ ಕೂಡ ಇಲ್ಲೇ. ಅನಂತ ಚತುರ್ದಶಿಯ ದಿನ ಮಾತ್ರ ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರಬೇಡಿ. ವಿಸರ್ಜನೆಯ ಜನ ಎಲ್ಲ ಇದೇ ಸ್ಟೇಶನ್ನಿಗೆ ಬರುತ್ತಾರೆ. ಗಾಡಿ ನಿಲ್ಲುವ ವ್ಯವಸ್ಥೆ ಬದಲಾಗುತ್ತದೆ, ನಡುರಾತ್ರಿ ಹೆಚ್ಚಿನ ಗಾಡಿ ಬಿಡುತ್ತಾರೆ, ಪ್ರಕಟಣೆ ಓದಿಕೊಂಡೇ ಹೊರಡಿ.

2025ರ ಅಕ್ಟೋಬರ್‌ನಿಂದ ನೆಲದಡಿಯ ಮೆಟ್ರೋ 3 ಕೂಡ ಗಿರ್ಗಾಂವಿಗೆ ಬಂದಿದೆ. ತಂಪು, ಸ್ವಚ್ಛ, ಬೇಗ. ಮೊಣಕಾಲು ನೋವಿನವರಿಗೆ ಅದೇ ಒಳ್ಳೆಯದು. ಆದರೆ ಮೊದಲ ಸಲ ಮುಂಬೈ ನೋಡುವವರನ್ನು ನಾನು ಲೋಕಲ್‌ನಲ್ಲೇ ಕರೆತರುತ್ತೇನೆ. ನೆಲದಡಿಯಲ್ಲಿ ಕಡಲು ಕಾಣಿಸುವುದಿಲ್ಲ, ಅಲ್ವಾ?

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದಕ್ಕೆ ಒಂದೇ ಕಾರಣ. ಇಷ್ಟು ಚೆಂದದ ಜಾಗದಲ್ಲಿ ವಯಸ್ಸಾದವರು ಕೂತು ಸಮುದ್ರ ನೋಡಲು ಕಡಲ ಕಡೆ ಮುಖ ಮಾಡಿದ ನಾಲ್ಕು ಬೆಂಚು ಹಾಕಿದರೆ ಎಷ್ಟು ಚೆನ್ನ! ಮಾವನವರು ಕೊನೆಯ ಸಲ ಬಂದಾಗ ಅವರಿಗೆ 71. ಚೌಪಾಟಿಯವರೆಗೆ ನಡೆಯಲಾಗಲಿಲ್ಲ. ಬ್ರಿಜ್ ಮೇಲೆ ಕಂಬಿ ಹಿಡಿದು ನಿಂತರು. ಸೂರ್ಯ ಮಲಬಾರ್ ಹಿಲ್ ಹಿಂದೆ ಇಳಿಯುವವರೆಗೂ ಮಾತಾಡಲಿಲ್ಲ. ಆಮೇಲೆ "ಬಾಮ್ಮ, 6.52ರ ಗಾಡಿ ಹಿಡಿಯೋಣ" ಅಂದರು.