ಕಾಡು ಅಣಬೆಯ ದಾಖಲೆ ಹುಡುಕಲು: ಮೈಕೋಪೋರ್ಟಲ್, ಐನ್ಯಾಚುರಲಿಸ್ಟ್, ಜಿಬಿಐಎಫ್

ಒಂದು ಕಾಡು ಅಣಬೆ ಎಲ್ಲೆಲ್ಲಿ ಸಿಕ್ಕಿದೆ ಎಂದು ನೋಡಲು ಈ ಮೂರು ಜಾಲತಾಣಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೂರೂ ಉಚಿತ, ಖರ್ಚಿನ ಮಾತೇ ಇಲ್ಲ.

ನೋಡಬೇಕಾದದ್ದು ನಂಬಿಕೆ. ಮೈಕೋಪೋರ್ಟಲ್‌ನಲ್ಲಿ ಜಾಸ್ತಿ ಇರುವುದು ಹರ್ಬೇರಿಯಂ (ಒಣಗಿಸಿದ ಮಾದರಿಗಳನ್ನು ಕಾಪಾಡಿಡುವ ಸಂಗ್ರಹಾಲಯ) ದಾಖಲೆಗಳು. ಅಂದರೆ ಒಣಗಿಸಿದ ಅಣಬೆ ಎಲ್ಲೋ ಒಂದು ಪೊಟ್ಟಣದಲ್ಲಿದೆ. ಅನುಮಾನ ಬಂದರೆ ಬೀಜಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಡಿಎನ್‌ಎ ಪರೀಕ್ಷೆಗೂ ಪ್ರಯತ್ನಿಸಬಹುದು. ಫೋಟೊದಿಂದ ಇದು ಆಗಲ್ಲ, ಅಲ್ವಾ? ಆದರೆ ಹಳೆಯ ಚೀಟಿಗಳಲ್ಲಿ ಎಷ್ಟೋ ಸಲ ಊರ ಹೆಸರಷ್ಟೇ ಇರುತ್ತದೆ. ಅಣಬೆಯ ಹೆಸರೂ ಆಮೇಲೆ ಬದಲಾಗಿರಬಹುದು. ಉತ್ತರ ಅಮೆರಿಕದ ಅಣಬೆಗಾದರೆ ಮೊದಲು ಇಲ್ಲೇ ನೋಡಿ.

ಯಾವ ತಿಂಗಳು ಏಳುತ್ತದೆ, ಹಸಿಯಾಗಿದ್ದಾಗ ಯಾವ ಬಣ್ಣ ಎಂಬುದಕ್ಕೆ 2008ರಲ್ಲಿ ಶುರುವಾದ, ಜನ ತಾವು ಕಂಡದ್ದರ ಫೋಟೊ ಹಾಕುವ ಐನ್ಯಾಚುರಲಿಸ್ಟ್ ಸುಲಭ. ಒಣಗಿದ ಮಾದರಿಯಲ್ಲಿ ಬಣ್ಣ ಎಲ್ಲಿ ಉಳಿಯುತ್ತದೆ? ಹೆಸರನ್ನು ಮಾತ್ರ ಸುಮ್ನೆ ನಂಬಬೇಡಿ. ಪುಟ್ಟ ಕಂದು ಅಣಬೆಗಳ ಮುಂದೆ ತಜ್ಞರೂ ತಡವರಿಸುತ್ತಾರೆ.

ಇಡೀ ಜಗತ್ತಿನ ನಕ್ಷೆ ಬೇಕಿದ್ದರೆ ಜಿಬಿಐಎಫ್. ಹರ್ಬೇರಿಯಂ ಮಾದರಿಗಳು, ಜನ ಹಾಕಿದ ಫೋಟೊಗಳು, ಹೀಗೆ ಎರಡೂ ಬಗೆಯ ದಾಖಲೆಗಳು ಅಲ್ಲಿ ಬೆರೆತಿರುತ್ತವೆ. ‘ಪ್ರಿಸರ್ವ್ಡ್ ಸ್ಪೆಸಿಮೆನ್’ ಎಂಬ ಫಿಲ್ಟರ್ ಹಾಕಿದರೆ ಮಾದರಿಗಳಷ್ಟೇ ಉಳಿಯುತ್ತವೆ. ಒಂದೇ ಸಂಗ್ರಹದ ತುಣುಕುಗಳು ಎರಡು ಹರ್ಬೇರಿಯಂಗಳಲ್ಲಿದ್ದರೆ ಎರಡು ದಾಖಲೆಯಾಗಿ ಕಾಣಬಹುದು. ಎಣಿಸುವಾಗ ಸಂಗ್ರಹ ಸಂಖ್ಯೆ (ಸಂಗ್ರಹಿಸಿದವರು ಕೊಟ್ಟ ಸಂಖ್ಯೆ) ಹೋಲಿಸಿ ನೋಡಿ.